ಸಾಹೇಬರ ಕುರ್ಚಿ ಹಾಕುವ ಜಾಗ

ಇವತ್ತು ಬೆಳಿಗ್ಗೆ ಸುರಪುರದಲ್ಲಿ ಚಿನ್ನದ ಕೆಲಸ ಮಾಡುವ ಪತ್ತಾರರ ಅಂಗಡಿಯಲ್ಲಿ ಕೂತಿದ್ದೆ. ನನ್ನ ಹೆಂಡತಿ ನಾಗಮ್ಮನ ತಾಳಿಯ ಗುಂಡೊಂದು ನೆಗ್ಗಿ ಹೋಗಿತ್ತು. ಒಳಗೆ ಅರಗು ತುಂಬಿಸಿ ಸರಿ ಮಾಡಿಸಿಕೊಂಡು ಬಾ ಎಂದು ಕಳಿಸಿದ್ದಳು. ಪತ್ತಾರ ಅರಗಿನ ತುಂಡನ್ನು ಬೆಂಕಿಗೆ ಹಿಡಿದ. ಅದರ ವಾಸನೆ ಮೂಗಿಗೆ ಬಂದದ್ದೇ ತಡ, ನಾನು ಎದ್ದು ಹೊರಗೆ ಬಂದುಬಿಟ್ಟೆ.

"ಯಾಕ್ರಿ ಕಾಕಾ, ಹೊಗಿ ತಡಿಯಂಗಿಲ್ಲೇನು?" ಎಂದು ಕೇಳಿದ.

"ಹೊಗಿ ಅಲ್ಲ ತಮ್ಮಾ" ಎಂದೆ. ಮತ್ತೇನು ಎಂದು ಅವನು ಕೇಳಲಿಲ್ಲ, ಕೈಯಲ್ಲಿ ಕೆಲಸವಿತ್ತು. ನಿಮಗೆ ಪುರಸೊತ್ತಿದ್ದರೆ ನಿಮಗೆ ಹೇಳುತ್ತೇನೆ.

ನಾನು ಹತ್ತನೇ ಇಯತ್ತೆ ಪಾಸಾದವನು. ಅದರ ಮುಂದೆ ಓದಲಿಲ್ಲ. ಆದರೆ ನನ್ನ ಅಕ್ಷರ ನೋಡಿದವರು ಮಾಸ್ತರನೇ ಇರಬೇಕು ಅನ್ನುತ್ತಿದ್ದರು. ಆ ಅಕ್ಷರದ ಬಲದ ಮೇಲೆಯೇ ಕಡೇಚೂರಿನ ಹತ್ತಿರ ಒಂದು ಮಿಶ್ರ ಗೊಬ್ಬರದ ಫ್ಯಾಕ್ಟರಿಯಲ್ಲಿ ಗೋದಾಮು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಫ್ಯಾಕ್ಟರಿಯ ಹೆಸರು ಬೇಡ. ಆ ಹೆಸರಿನಲ್ಲಿ ಅದು ಈಗ ಇಲ್ಲ, ಮಾಲೀಕರು ಮಾತ್ರ ಚೆನ್ನಾಗಿಯೇ ಇದ್ದಾರೆ.

ವರ್ಷಕ್ಕೆ ನಾಲ್ಕಾರು ಸಲ ಕೃಷಿ ಇಲಾಖೆಯ ಸಾಹೇಬರು ತಪಾಸಣೆಗೆ ಬರುತ್ತಿದ್ದರು. ಚೂಪಾದ ಕೊಳವೆಯನ್ನು ಚೀಲಕ್ಕೆ ಚುಚ್ಚಿ ಗೊಬ್ಬರದ ಕಾಳು ತೆಗೆಯುವುದು, ಅದನ್ನು ಮೂರು ಪಾಲು ಮಾಡಿ ಬಟ್ಟೆಯ ಚೀಲಕ್ಕೆ ತುಂಬುವುದು, ಬಾಯಿ ಕಟ್ಟಿ, ಗಂಟಿನ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವುದು. ಮುದ್ರೆ ಬಿದ್ದ ಮೇಲೆ ಆ ಚೀಲದಲ್ಲಿರುವುದೇ ಸತ್ಯ. ಅದನ್ನು ಬ್ರಹ್ಮನೂ ಬದಲಿಸಲಾರ. ಬದಲಿಸುವುದಿದ್ದರೆ ಅದಕ್ಕೆ ಮೊದಲೇ ಬದಲಿಸಬೇಕು. ನನ್ನ ಕಸಬು ಅಲ್ಲಿತ್ತು.

ಗೋದಾಮೆಂದರೆ ಧೂಳು, ಕಣ್ಣುರಿ, ತಗಡಿನ ಕೆಳಗೆ ಕುದಿಯುವ ಸೆಕೆ. ಯಾದಗಿರಿಯಿಂದ ಬಿಸಿಲಲ್ಲಿ ಜೀಪು ಹತ್ತಿ ಬಂದ ಸಾಹೇಬರಿಗೆ ಮೊದಲು ಬೇಕಾಗುವುದು ಗಾಳಿ ಮತ್ತು ನೀರು. ನಾನು ಬಾಗಿಲ ಬಲಕ್ಕೆ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಸುತ್ತಿದ್ದೆ. ಸಾಹೇಬರು ಕೂರುತ್ತಿದ್ದರು. ತಂಪು ನೀರು, ಆಮೇಲೆ ಚಹಾ, ಆಮೇಲೆ ಮಾತು. ಏಳುವ ಹೊತ್ತಿಗೆ ಕೈಗೆ ಎಟಕುವ ಚೀಲಗಳೇ ಸ್ಯಾಂಪಲ್ ಆಗುತ್ತಿದ್ದವು. ಆ ಒಂದು ಸಾಲಿನಲ್ಲಿ ಅಸಲಿ ಗೊಬ್ಬರ. ಅದರ ಹಿಂದೆ, ಗೋಡೆಯ ತನಕ, ಬಣ್ಣ ಹಚ್ಚಿ ಉಂಡೆ ಕಟ್ಟಿದ ಜೇಡಿಮಣ್ಣು ಬೆರೆಸಿದ್ದು. ಎಷ್ಟೋ ಸಾಹೇಬರು ಬಂದರು. ಒಬ್ಬರಿಗೂ ನಾನು ಲಂಚ ಕೊಡಲಿಲ್ಲ, ಒಬ್ಬರಿಗೂ ಬಾಯಿಬಿಟ್ಟು ಸುಳ್ಳು ಹೇಳಲಿಲ್ಲ. ಕುರ್ಚಿ ಹಾಕಿದೆ ಅಷ್ಟೇ. ಮ್ಯಾನೇಜರು "ನಿನ್ನಂಥಾ ಕಲಾವಿದ ಈ ಜಿಲ್ಲಾದಾಗ ಇಲ್ಲ ಬಿಡೋ" ಅನ್ನುತ್ತಿದ್ದರು. ನನಗೆ ಎದೆ ಉಬ್ಬುತ್ತಿತ್ತು. ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ನಾನು ಆ ಕೆಲಸ ಹೆಮ್ಮೆಯಿಂದಲೇ ಮಾಡಿದೆ.

ಆ ಹೆಮ್ಮೆಗೆ ಒಂದು ದಿನ ಕಿರೀಟವೂ ಬಂತು. ಪ್ರತಿ ಕಂಪನಿಯೂ ಒಬ್ಬನನ್ನು ಜವಾಬ್ದಾರ ಅಧಿಕಾರಿ ಎಂದು ಬರೆದುಕೊಡಬೇಕಂತೆ. ಮಾಲೀಕರು ನನ್ನನ್ನು ಒಳಗೆ ಕರೆದು, ಕೂರಿಸಿ, ನನ್ನ ಹೆಸರು ಟೈಪಾದ ಹಾಳೆಗೆ ಸಹಿ ಮಾಡಿಸಿದರು. ಹತ್ತನೇ ಪಾಸಾದವನು ಅಧಿಕಾರಿ! ನಾನು ಸೈದಾಪುರದಲ್ಲಿ ಪೇಢೆ ಕೊಂಡು ಓಣಿಗೆಲ್ಲ ಹಂಚಿದೆ. ಶಹಾಪುರದ ನಮ್ಮ ಮನೆಯ ಬಾಗಿಲಿಗೆ ಹಿತ್ತಾಳೆಯ ಫಲಕ ಬರೆಸಿದೆ. ನಾಗಮ್ಮ ರೊಟ್ಟಿ ಬಡಿಯುತ್ತಲೇ ಕೇಳಿದಳು:

"ಪಗಾರ ಎಷ್ಟು ಹೆಚ್ಚಾತು?"

"ಪಗಾರ ಅಲ್ಲೇ, ಇದು ಮರ್ಯಾದಿ."

"ಅವರು ಮರ್ಯಾದಿನ ಪುಕ್ಕಟ ಯಾಕ ಕೊಡಾಕತ್ತಾರ? ತಮಗ ಬ್ಯಾಡಾಗಿರಬೇಕು."

ನಾನು ಅವಳಿಗೆ ಏನೂ ತಿಳಿಯುವುದಿಲ್ಲ ಎಂದು ಬೈದೆ. ಕಂಪನಿ ಸಿಕ್ಕಿಬಿದ್ದರೆ ಕಟಕಟೆಯಲ್ಲಿ ನಿಲ್ಲುವವನ ಹೆಸರನ್ನೇ ಅಲ್ಲಿ ಬರೆಯುತ್ತಾರೆ ಎಂಬುದು ಓಣಿಯವರು ಪೇಢೆ ಅರಗಿಸಿಕೊಂಡ ಎಷ್ಟೋ ದಿನದ ಮೇಲೆ ನನಗೆ ತಿಳಿಯಿತು.

ಸರ್ಕಾರದ ಸಿಟ್ಟಿಗೂ ಹಂಗಾಮುಗಳಿವೆ ಎಂಬುದು ನಾನು ಗೋದಾಮಿನ ಬಾಗಿಲಲ್ಲಿ ನಿಂತು ಕಲಿತ ಪಾಠ. ಒಂದು ವರ್ಷ ಮೇಲಿನಿಂದ ಸುತ್ತೋಲೆ ಬರುತ್ತದೆ, ಅಂಗಡಿಗಳನ್ನು ಹಿಡಿಯಿರಿ ಎಂದು. ಆಗ ಹಳ್ಳಿಹಳ್ಳಿಯ ಅಂಗಡಿಯ ಮುಂದೆ ಜೀಪು. ಸಾಹೇಬರ ವರ್ಗವಾಗುತ್ತದೆ, ಮೇಲಿನವರೂ ಬದಲಾಗುತ್ತಾರೆ. ಮುಂದಿನ ಸುತ್ತೋಲೆಯಲ್ಲಿ ಉದ್ದಿಮೆಗೆ ತೊಂದರೆ ಕೊಡಬೇಡಿ, ಕಂಪನಿಯೇ ತನ್ನ ಮಾಲು ಸರಿ ಇದೆ ಎಂದು ಬರೆದುಕೊಟ್ಟರೆ ಸಾಕು. ಇನ್ನೊಂದು ವರ್ಷ ದೊಡ್ಡವರನ್ನು ಹಿಡಿಯುತ್ತೇವೆಂಬ ಗುಡುಗು. ಅದು ಮಳೆಯಾಗುವುದರೊಳಗೆ ಎಲ್ಲರ ಗಮನ ಮರಳಿನ ಲಾರಿಗಳ ಕಡೆಗೆ. ಮಣ್ಣು ಬೆರೆಸುವವನು ಮಾತ್ರ ವರ್ಷವಿಡೀ ಅದೇ ಅಳತೆಗೆ ಬೆರೆಸುತ್ತಿರುತ್ತಾನೆ. ಸಿಕ್ಕಿಬೀಳುವವನು ಯಾರು ಎಂಬುದು ಅವನ ಪಾಪದ ಮೇಲಲ್ಲ, ಆ ವರ್ಷ ಗಾಳಿ ಯಾವ ಕಡೆ ಬೀಸುತ್ತಿತ್ತು ಎಂಬುದರ ಮೇಲೆ ನಿಂತಿದೆ.

ದೇವಾಪುರದ ಸಾಬಣ್ಣ ಸಿಕ್ಕಿಬಿದ್ದದ್ದು ಅಂಗಡಿಗಳ ವರ್ಷ. ಸಣ್ಣ ಗೊಬ್ಬರದ ಅಂಗಡಿ, ನಮ್ಮ ಮಾಲನ್ನೇ ಮಾರುತ್ತಿದ್ದ. ಅವನ ಅಂಗಡಿಯ ಸ್ಯಾಂಪಲ್ ಫೇಲಾಯಿತು. ಅದೇ ಲಾಟಿನ ಮಾಲನ್ನು ನಮ್ಮ ಗೋದಾಮಿನಲ್ಲೂ ತೆಗೆದರು. ಎಲ್ಲಿ ತೆಗೆದರು ಎಂದು ನಿಮಗೆ ಹೇಳಬೇಕಾಗಿಲ್ಲ. ಅದು ಪಾಸಾಯಿತು. ಅಲ್ಲಿಗೆ ಲೆಕ್ಕ ಸರಳ: ಕಂಪನಿಯಿಂದ ಹೊರಟಾಗ ಗೊಬ್ಬರ, ಅಂಗಡಿಗೆ ಬಂದಾಗ ಮಣ್ಣು, ಅಂದಮೇಲೆ ಬೆರೆಸಿದವನು ಸಾಬಣ್ಣ.

ಅವನು ಕಡೇಚೂರಿಗೆ ಬಂದು ನನ್ನ ಕೈ ಹಿಡಿದುಕೊಂಡ. "ಅಣ್ಣಾರ, ನಾ ಚೀಲದ ಹೊಲಿಗಿ ಸೈತ ಬಿಚ್ಚಿಲ್ರಿ. ನಿಮಗ ಗೊತ್ತೈತಿ. ನೀವೊಂದು ಮಾತು ಬರದು ಕೊಡ್ರಿ."

ಒಳಗೆ ಮ್ಯಾನೇಜರು ಹೇಳಿದರು: "ಬರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಜವಾಬ್ದಾರ ಅಧಿಕಾರಿ ಯಾರು ಅನ್ನೋದು ನೆನಪಿರಲಿ. ಜೈಲಿಗೆ ಹೋಗಾಂವ ನೀನು, ಸಾಹುಕಾರ್ರಲ್ಲ."

ನಾನು ಬರೆದೆ. ನನ್ನ ಆ ಮುತ್ತಿನಂಥ ಅಕ್ಷರದಲ್ಲಿ, ನಮ್ಮ ಗೋದಾಮಿನಿಂದ ಹೊರಟ ಮಾಲು ಸಂಪೂರ್ಣ ಸರಿಯಾಗಿತ್ತು, ಮುಂದೆ ಆದದ್ದಕ್ಕೆ ಮಾರಾಟಗಾರನೇ ಹೊಣೆ ಎಂದು ಬರೆದೆ. ಸಾಬಣ್ಣನ ಲೈಸೆನ್ಸು ರದ್ದಾಯಿತು. ಮಣ್ಣು ಮಾರಿದ ಸಾಬಣ್ಣ ಎಂಬ ಹೆಸರು ಬಿತ್ತು. ಊರಿನ ಹೆಸರು ಹೇಳಿದರೆ ಸುತ್ತಲ ಹಳ್ಳಿಯವರು "ಮಣ್ಣಿನ ಸಾಬಣ್ಣನ ಊರೇನು?" ಎಂದು ಕೇಳುವಷ್ಟು. ಅಂಗಡಿಯಲ್ಲಿ ಗಾದಿಯ ಮೇಲೆ ಕೂರುತ್ತಿದ್ದವನು ಸುರಪುರದಲ್ಲಿ ಬೇರೆಯವರ ಅಂಗಡಿಯಲ್ಲಿ ಚೀಲ ಹೊತ್ತ. ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ಎದುರಾದ. ಬೈಯುತ್ತಾನೆಂದು ನಿಂತೆ. ಬೈಯಲಿಲ್ಲ. ಹೆಗಲ ಮೇಲಿನ ಚೀಲ ಸರಿಮಾಡಿಕೊಂಡು, "ಜರಾ ಸರೀರಿ" ಎಂದು ದಾರಿ ಕೇಳಿ ಹೋದ. ನನಗೆ ಅದಕ್ಕಿಂತ ದೊಡ್ಡ ಬೈಗುಳ ಯಾರೂ ಬೈದಿಲ್ಲ.

ಕೆಲಸದಿಂದ ನಿವೃತ್ತನಾದೆ. ಸಾಬಣ್ಣ ಬಿಡದೆ ಮೇಲ್ಮನವಿ ಹಾಕಿದ್ದ, ಅದು ವರ್ಷಗಟ್ಟಲೆ ಯಾದಗಿರಿಯಲ್ಲಿ ಮಲಗಿತ್ತು. ಅಷ್ಟರಲ್ಲಿ ಗಾಳಿ ಮತ್ತೆ ತಿರುಗಿತು. ಹಳೆಯ ಸಣ್ಣ ಕೇಸುಗಳನ್ನು ಎಳೆಯಬೇಡಿ, ಜೈಲಿನ ಮಾತು ಬೇಡ, ದಂಡ ಕಟ್ಟಿಸಿಕೊಂಡು ಮುಗಿಸಿ ಎಂಬ ಕಾಲ ಬಂತು. ಮ್ಯಾನೇಜರು ಫೋನು ಮಾಡಿದರು: "ನಿನಗ ಸುದಿನ ಬಂತು ನೋಡು. ಸಾಬಣ್ಣನ ಕಡೆ ದಂಡ ಕಟ್ಟಿಸಿ ಫೈಲು ಮುಚ್ಚತಾರ. ಇನ್ನ ನಿನ್ನ ಯಾರೂ ಏನೂ ಕೇಳಂಗಿಲ್ಲ."

ಫೋನಿಟ್ಟ ಮೇಲೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ದಂಡ ಕಟ್ಟಿದರೆ ಸಾಬಣ್ಣ ತಪ್ಪು ಒಪ್ಪಿಕೊಂಡಂತೆ. ಮಣ್ಣಿನ ಹೆಸರು ಅವನಿಗೆ ಸಾಯುವ ತನಕ ಅಂಟಿಕೊಂಡೇ ಇರುತ್ತದೆ. ನಾಗಮ್ಮನಿಗೆ ಆವತ್ತು ಮೊದಲ ಸಲ ಕುರ್ಚಿಯ ಕತೆ ಹೇಳಿದೆ. ಅವಳು ಸ್ಟೂಲು ಹಾಕಿ ಹತ್ತಿ, ಬಾಗಿಲ ಹಿತ್ತಾಳೆ ಫಲಕದ ಮೊಳೆ ಕಿತ್ತು, ನನ್ನ ಕೈಗೆ ಕೊಟ್ಟು, "ಯಾದಗಿರಿ ಬಸ್ಸು ಎಂಟಕ್ಕೈತಿ" ಎಂದಳು.

ಕಚೇರಿಯಲ್ಲಿ ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು ಅಧಿಕಾರಿಯಾಗಿ ಬಂದಿದ್ದರು. ಸಣ್ಣ ವಯಸ್ಸು, ಮೇಜಿನ ತುಂಬ ಫೈಲು.

"ಅಜ್ಜಾ, ಅದು ಮುಗಿದುಹೋಗ್ತಿರೋ ಕೇಸು. ನಿಮ್ಮನ್ನ ಯಾರೂ ಕರೆದಿಲ್ವಲ್ಲ?"

"ಕರಿಯಲಿಲ್ಲ ಅಂತನ ಬಂದೀನ್ರಿ."

"ಈಗ ನಮಗೆ ಬಂದಿರೋ ಆದೇಶವೇ ಬೇರೆ. ಹಳೇದನ್ನ ಕೆದಕಬೇಡಿ ಅಂತ."

"ನಿಮ್ಮ ಆದೇಶ ಮುಂದಿನ ವರ್ಷ ಬದಲಾಗತೈತ್ರಿ ಮೇಡಂ. ನನಗ ಎಪ್ಪತ್ತೊಂದು. ಅಲ್ಲೀತನ ಕಾಯಾಕ ಆಗಂಗಿಲ್ಲ."

ಆಕೆ ಪೆನ್ನು ಕೆಳಗಿಟ್ಟರು. ನಾನು ಹೇಳಿದೆ. ಬಾಗಿಲು, ಫ್ಯಾನು, ಸಾಲು, ಕುರ್ಚಿ. ಮೊದಲು ಆಕೆಗೆ ನಗು ಬಂತು. "ಬರೀ ಕುರ್ಚಿನಾ?" ಎಂದರು. ನಗು ಅರ್ಧಕ್ಕೇ ನಿಂತಿತು. ಪಕ್ಕದಲ್ಲಿ ನಿಂತಿದ್ದ ಗುಮಾಸ್ತನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಹೋದ ವಾರ ನಾವು ಹೋಗಿದ್ವಲ್ಲ, ಅಲ್ಲಿ ನಂಗೆ ಎಲ್ಲಿ ಕುರ್ಚಿ ಹಾಕಿದ್ರು?"

ಗುಮಾಸ್ತ ನೆಲ ನೋಡಿದ. "ಫ್ಯಾನಿನ ತೆಳಗ್ರಿ."

ಆಕೆ ನನ್ನ ಮುಂದೆ ಬಿಳಿ ಹಾಳೆಗಳನ್ನು ಸರಿಸಿದರು. "ಬರೀರಿ" ಎಂದರು. "ಬರೆದರೆ ನಿಮ್ಮ ಮೇಲೆ ಕೇಸಾಗುತ್ತೆ. ಗೊತ್ತಲ್ಲ?"

"ಜವಾಬ್ದಾರ ಅಧಿಕಾರಿ ನಾನ ಅಲ್ಲೇನ್ರಿ?" ಎಂದೆ. ಜೀವನದಲ್ಲಿ ಆ ಮಾತನ್ನು ಸರಿಯಾಗಿ ಆಡಿದ್ದು ಅದೊಂದೇ ಸಲ. ನಾಲ್ಕು ಹಾಳೆ ಬರೆದೆ, ಈ ಸಲ ಅಕ್ಷರ ಕೋಳಿ ಕೆದರಿದಂತೆ ಬಂತು. ಆದರೂ ಸ್ವೀಕರಿಸಿದ್ದಕ್ಕೆ ಠಸ್ಸೆ ಒತ್ತಿಸಿಕೊಳ್ಳದೆ ಏಳಲಿಲ್ಲ.

ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆ. ವಯಸ್ಸು ನೋಡಿ ಜಡ್ಜ್ ಸಾಹೇಬರು ದಂಡದ ಜೊತೆ ಕೋರ್ಟು ಏಳುವ ತನಕ ಶಿಕ್ಷೆ ಎಂದರು. ಎಂದರೆ, ಅವತ್ತಿನ ಕಲಾಪ ಮುಗಿಯುವವರೆಗೆ ನಾನು ಅಲ್ಲಿಯೇ ಅಪರಾಧಿಯಾಗಿ ಕೂತಿರಬೇಕು. ಕೂತೆ. ಜನ ಬಂದರು, ನೋಡಿದರು, ಹೋದರು. ಪೇಢೆ ಹಂಚಿದ ದಿನಕ್ಕಿಂತ ನೆಟ್ಟಗೆ ಕೂತಿದ್ದೆ ಎಂದು ನಾಗಮ್ಮ ಈಗಲೂ ಹೇಳುತ್ತಾಳೆ. ಮಾಲೀಕರು ದಂಡ ಕಟ್ಟಿ ಬೇರೆ ಹೆಸರಿನ ಬೋರ್ಡು ಹಾಕಿಕೊಂಡರು. ಆ ವರ್ಷ ಸರ್ಕಾರದ ಗಮನ ಅವರ ಮೇಲೆ ಇರಲಿಲ್ಲ. ಇರಲಿ. ಸಾಬಣ್ಣನ ಲೈಸೆನ್ಸು ಮರಳಿ ಬಂತು.

ಅವನು ಮತ್ತೆ ಅಂಗಡಿ ತೆರೆದು ಒಂದು ವರ್ಷವಾದರೂ ನಾನು ಆ ಕಡೆ ಹೋಗಿರಲಿಲ್ಲ. ಇವತ್ತು ಗುಂಡು ಸರಿಮಾಡಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಶಹಾಪುರದ ಬಸ್ಸು ಖಾಲಿ ನಿಂತಿತ್ತು. ಪಕ್ಕದಲ್ಲಿ ಟಂಟಂ ಆಟೋದವನು ದೇವಾಪುರ, ದೇವಾಪುರ ಎಂದು ಕೂಗುತ್ತಿದ್ದ. ಅರಗಿನ ವಾಸನೆಗೆ ಇಷ್ಟೆಲ್ಲ ನೆನಪಾದ ಮೇಲೆ ಬಸ್ಸು ಹತ್ತುವುದು ಸರಿ ಕಾಣಲಿಲ್ಲ. ಟಂಟಂ ಹತ್ತಿದೆ.

ಸಾಬಣ್ಣ ಗಾದಿಯ ಮೇಲಿದ್ದ. ತಲೆ ನೆರೆತಿದೆ. ನನ್ನನ್ನು ನೋಡಿದ, ಬಾ ಎನ್ನಲಿಲ್ಲ. ಮುಂದೆ ಒಬ್ಬ ರೈತ ಡಿಎಪಿ ಚೀಲದ ಮೇಲೆ ಕೈಯಿಟ್ಟು ನಿಂತಿದ್ದ.

"ಸಾಬಣ್ಣಾ, ಮಾಲು ಖರೇನ ಐತೇನು? ಮಣ್ಣೇನಿಲ್ಲಲ್ಲ?"

ಸಾಬಣ್ಣನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆ ಮೇಲೆ ಗದ್ದ ಎತ್ತಿ ನನ್ನ ಕಡೆ ತೋರಿಸಿದ. "ನನ್ನ ಯಾಕ ಕೇಳತಿ? ಅಲ್ಲಿ ನಿಂತಾರಲ್ಲ, ಅವರನ್ನ ಕೇಳು. ಮೋಸ ಮಾಡೋದ್ರಾಗ ಅವರಷ್ಟು ಓದಿದವರು ಯಾರಿಲ್ಲ."

ರೈತ ನನ್ನ ಕಡೆ ತಿರುಗಿದ. ನಾನು ಚೀಲದ ಹೊಲಿಗೆಯ ಮೂಲೆ ಬಿಚ್ಚಿ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡೆ. ಅವನ ಹತ್ತಿರ ತಂಬಾಕಿನ ಸುಣ್ಣ ಕೇಳಿ ಇಸಿದುಕೊಂಡು, ತಂಬಾಕು ತಿಕ್ಕುವ ಹಾಗೆಯೇ ತಿಕ್ಕಿದೆ. ಅಸಲಿ ಮಾಲಾದರೆ ಸುಣ್ಣ ಸೋಕಿದ ಕೂಡಲೇ ಮೂಗು ಒಡೆಯುವ ಘಾಟು ಏಳುತ್ತದೆ, ಮಣ್ಣಾದರೆ ಏನೂ ಇಲ್ಲ. ಅಂಗೈಯನ್ನು ಅವನ ಮೂಗಿಗೆ ಹಿಡಿದೆ. ಅವನು ತಲೆ ಹಿಂದಕ್ಕೆ ಎಳೆದುಕೊಂಡು "ಯವ್ವಾ!" ಎಂದ.

"ಖರೆ ಐತಿ, ಒಯ್ಯಿ" ಎಂದೆ.

ಅವನು ಚೀಲ ಹೊತ್ತು ಹೋದ. ಸಾಬಣ್ಣ ರಸೀದಿ ಪುಸ್ತಕದಿಂದ ಕಣ್ಣೆತ್ತಲಿಲ್ಲ. "ನಾಳಿ ಹೊಸ ಲೋಡು ಬರತೈತಿ" ಎಂದ. ನನಗೆ ಹೇಳಿದನೋ ತನಗೇ ಹೇಳಿಕೊಂಡನೋ ತಿಳಿಯಲಿಲ್ಲ, ಅಂಗೈಗೆ ಅಂಟಿದ ಸುಣ್ಣ ಒರೆಸಿಕೊಳ್ಳುತ್ತಿದ್ದೆ.

"ಕೇಳಿಸಲಿಲ್ಲೇನ್ರಿ?" ಎಂದ. "ಇಳಸೋಕಿಂತ ಮೊದಲ ಬರ್ರಿ. ಎಲ್ಲಾ ಚೀಲ ನೋಡಬೇಕಾಗತೈತಿ."