ಒತ್ತು ನುಂಗಿದ ಕೀಬೋರ್ಡ್

'ಬೆಂಚಿನ ಮ್ಯಾಲ ನಿಂದ್ರು!'

ಬೆಳಿಗ್ಗೆ ಚಹಾ ಕುಡಿಯುತ್ತಿದ್ದವನಿಗೆ ಫೋನಿನಲ್ಲಿ ಬಂದ ಆಜ್ಞೆ ಇದು. ನನಗೀಗ ಐವತ್ತೆಂಟು. ಆಜ್ಞೆ ಮಾಡಿದವರಿಗೆ ಎಂಬತ್ತಾರು. ನಾಲ್ಕನೇ ಇಯತ್ತೆಯಲ್ಲಿ ನನಗೆ ಕನ್ನಡ ಕಲಿಸಿದ, ಈಗ ಗೋಪನಕೊಪ್ಪದಲ್ಲಿರುವ ನಮ್ಮ ಅಕ್ಕೋರು. (ಟೀಚರ್ ಅನ್ನುವುದು ನನ್ನ ಬಾಯಿಗೆ ಇನ್ನೂ ಹತ್ತಿಲ್ಲ.)

ಕಳೆದ ವಾರ ಇದೇ ಅಂಕಣದಲ್ಲಿ ಅವರ ಬಗ್ಗೆ ಬರೆದಿದ್ದೆ, ನೆನಪಿದೆಯಲ್ಲ? ಹೆಸರಿದ್ದ ಸಾಲನ್ನು ಮಾತ್ರ ಕೊನೆ ಗಳಿಗೆಯಲ್ಲಿ ಟೈಪಿಸಿ ಕಳಿಸಿದ್ದೆ. ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಅಚ್ಚಾಗಿದ್ದು ಏನು ಗೊತ್ತೇ? 'ಮಲಲವವ'!

'ಹುಟ್ಟಿದಾಗಿಂದ ಮೊದಲ ಸಲ ಪೇಪರಿನ್ಯಾಗ ಹೆಸರು ಬಂದೈತಿ. ಓಣಿ ಮಂದಿಗೆಲ್ಲಾ ತೋರಸ್ಬೇಕಂತಿದ್ನಲ್ಲೋ ಮಂಗ್ಯಾ. ಎರಡೂ ಒತ್ತು ತಿಂದೀಯಲ್ಲ! ಸರಿಯಾಗಿ ಬರಿಯೂತನಕ ನಿಂತ ಇರು.'

ಗದರಿ, ಫೋನ್ ಇಟ್ಟೇಬಿಟ್ಟರು. ಗದರಿದ್ದಕ್ಕಿಂತ ಆ 'ಮೊದಲ ಸಲ' ಅನ್ನುವ ಮಾತು ನನಗೆ ಬಹಳ ಚುಚ್ಚಿತು.

ಆರೋಪಿ ನನ್ನ ಹೊಸ ಕೀಬೋರ್ಡ್. ಸ್ಲಿಮ್, ಸೈಲೆಂಟ್, ನೋಡಲು ಚೆಂದ. ಕನ್ನಡ ಟೈಪಿಸುವವರಿಗೆ ಗೊತ್ತು, ನಾವು ಬಳಸುವ ವಿನ್ಯಾಸದಲ್ಲಿ ಒಂದೊಂದು ಒತ್ತಕ್ಷರಕ್ಕೂ ನಡುವೆ ಎಫ್ ಕೀ ಒತ್ತಬೇಕು. ಈ ಮಹಾಶಯನ ಎಫ್ ಕೀ ಕೆಳಗೆ ಹೋಯಿತೋ ಇಲ್ಲವೋ, ಬೆರಳಿಗೇ ತಿಳಿಯುವುದಿಲ್ಲ.

ಅವತ್ತೇ ಧಾರವಾಡದಿಂದ ಬಸ್ಸು ಹತ್ತಿ ಹುಬ್ಬಳ್ಳಿ ಕಮರಿಪೇಟೆಯ ಇಸ್ಮಾಯಿಲ್ ಭಾಯಿಯ ಕಂಪ್ಯೂಟರ್ ಅಂಗಡಿಗೆ ಹೋದೆ. ಅವರು ಮೂರು ಕೀಬೋರ್ಡ್ ಹರವಿಟ್ಟರು. ನಾನು ಇಂಗ್ಲಿಷಿನಲ್ಲಿ 'ಹಲೋ ಹಲೋ' ಅಂತ ಹೊಡೆದೆ.

'ಫೋನ್ ಹಚ್ಚೀರೇನ್ರಿ ಸರ? ನೀವು ಬರಿಯೂದು ಕನ್ನಡ, ಕನ್ನಡದಾಗ ನೋಡ್ರಿ.'

'ಧಾರವಾಡ' ಅಂತ ಹೊಡೆದೆ. (ಊರಿನ ಅಭಿಮಾನ, ಬಿಡ್ತದೆಯೇ?)

'ಅದ್ರಾಗ ಒಂದರ ಒತ್ತು ಐತೇನ್ರಿ? ನಿಮ್ಮ ಊರು ಭಾಳ ಮೆತ್ತಗ. ಹುಬ್ಬಳ್ಳಿ ಅಂತ ಹೊಡೀರಿ, ಎರಡ ಒತ್ತು ಅದಾವ!'

ಅಬ್ಬಾ! ಇಷ್ಟು ವರ್ಷ ಬರೆದ ನನಗೆ ಇದು ಹೊಳೆದಿರಲೇ ಇಲ್ಲ.

ಆಮೇಲೆ ತಾವೇ ಕಣ್ಣು ಮುಚ್ಚಿ ಕೂತರು. ಮೊದಲನೆಯದರಲ್ಲಿ ಹುಬ್ಬಳ್ಳಿ ಹೊಡೆದು, 'ಕಲಸಿದ ಹಿಟ್ಟಿನ್ಯಾಗ ಬೆರಳಿಟ್ಟಂಗ ಆಗತೈತಿ, ತಗೀರಿ' ಅಂದರು. ಎರಡನೆಯದು ಬರೀ ಗದ್ದಲವಂತೆ. ಮೂರನೆಯದರಲ್ಲಿ ಹೊಡೆದರು, ನಕ್ಕರು, ನನ್ನ ಕಡೆ ಸರಿಸಿದರು.

ಎಫ್ ಒತ್ತಿದೆ. ಆಹಾ! ಒಣಗಿದ ಶೇಂಗಾಕಾಯಿ ಎರಡು ಬೆರಳಲ್ಲಿ ಒಡೆದ ಹಾಗೆ. ಅರೆಕ್ಷಣ ತಡೆದು, ಟಕ್ ಅಂದು, ಬೆರಳನ್ನು ಮೇಲೆತ್ತಿ ಕಳಿಸುತ್ತದೆ. ನಾಚಿಕೆಯಿಲ್ಲದೆ ಇಪ್ಪತ್ತು ಸಲ ಹುಬ್ಬಳ್ಳಿ ಬರೆದೆ.

'ಇಷ್ಟು ಸೂಕ್ಷ್ಮ ಎಲ್ಲಿ ಕಲಿತ್ರಿ ಭಾಯಿ?'

'ಹದಿನೆಂಟು ವರ್ಷ ಲಗ್ನಪತ್ರ ಟೈಪ್ ಮಾಡೇನ್ರಿ. ಮದುಮಗಳ ಹೆಸರಿನ್ಯಾಗ ಒತ್ತು ಬಿಟ್ಟುಹೋದ್ರ ನಡೀತೈತೇನ್ರಿ? ಅಕಿ ಆ ಪತ್ರಾನ ಜೀವಮಾನಪೂರ್ತಿ ಇಟ್ಕೊಂಡಿರತಾಳ.'

ಮನೆಯಲ್ಲಿ ಉರ್ದು ಮಾತಾಡುವ ಮನುಷ್ಯ. ಯಾರದೋ ಮನೆ ಮಗಳ ಹೆಸರಿನ ಒತ್ತಿಗೆ ಈ ಪರಿ ಜೀವ ಬಿಡುತ್ತಾನೆ. ನಾನು? ಅಕ್ಷರ ಕಲಿಸಿದವರ ಹೆಸರನ್ನೇ ತಿರುಗಿ ನೋಡಲಿಲ್ಲ. ಕೀಬೋರ್ಡಿನ ಮೇಲೆ ತಪ್ಪು ಹೊರಿಸಿದ್ದಕ್ಕೆ ಅಲ್ಲೇ ನಾಚಿಕೆಯಾಯಿತು.

ಇದನ್ನು ಆ ಹೊಸ ಕೀಬೋರ್ಡಿನಲ್ಲೇ ಬರೆಯುತ್ತಿದ್ದೇನೆ. 'ಒಳಗ ಶೇಂಗಾ ಸುಲಿಯಾಕತ್ತೀರೇನ್ರಿ?' ಅಂತ ಅಡುಗೆಮನೆಯಿಂದ ಹೆಂಡತಿ ಕೇಳಿದ್ದೂ ಆಯಿತು. ಇರಲಿ. ಈಗ ನಿಧಾನಕ್ಕೆ, ಒಂದೊಂದು ಟಕ್ಕನ್ನೂ ಕಿವಿಗೊಟ್ಟು ಕೇಳುತ್ತಾ ಟೈಪಿಸುತ್ತೇನೆ. ನಮ್ಮ ಅಕ್ಕೋರ ಹೆಸರು ಮಲ್ಲವ್ವ.

ಎರಡೂ ಒತ್ತು ಬಂದಾವ ನೋಡ್ರಿ ಅಕ್ಕೋರ, ಇನ್ನ ಕುಂದರ್ಲೇನ್ರಿ?