ಮೂರನೇ ಮಂಚದ ಗಂಜಿ

ಮೆಡಿಕಲ್ ರೆಪ್ ಕೆಲಸಕ್ಕೆ ರಾಜೀನಾಮೆ ಕೊಟ್ಟು, ಡಾಕ್ಟರ್ ಗೆಳೆಯನ ಜೊತೆ ಸೇರಿ ಹೊನ್ನಾವರದಲ್ಲಿ ಹನ್ನೆರಡು ಮಂಚದ ನರ್ಸಿಂಗ್ ಹೋಮ್ ತೆರೆದಾಗ ನನಗೆ ಮೂವತ್ತು ತುಂಬಿರಲಿಲ್ಲ. ತೊಂಬತ್ತರ ದಶಕದ ಕೊನೆ. ರೋಗಿಗಳು ಅವನ ಪಾಲಿಗೆ, ಆಡಳಿತವೆಲ್ಲ ನನ್ನ ಪಾಲಿಗೆ. ಹುಬ್ಬಳ್ಳಿಯಲ್ಲಿ ಮೂರು ದಿನದ ಮ್ಯಾನೇಜ್‌ಮೆಂಟ್ ತರಬೇತಿ ಮುಗಿಸಿ ಬಂದವನೇ ಒಂದು ನಿಯಮ ಮಾಡಿದೆ. ರೋಗಿಯ ಕಡೆಯವರ ಹತ್ತಿರ ನರ್ಸ್ ಮಾತ್ರ ಮಾತಾಡಬೇಕು. ಆಯಾ ಏನಿದ್ದರೂ ನರ್ಸಿಗೆ ಹೇಳಬೇಕು, ನರ್ಸ್ ನನಗೆ. ಟೈಪ್ ಮಾಡಿಸಿ ಗೋಡೆಗೂ ಅಂಟಿಸಿದೆ. ಎಂಥ ಜಂಬ ಆಗ ನನಗೆ!

ಆ ನಿಯಮ ಹೆಚ್ಚು ತಟ್ಟಿದ್ದು ಹಿರೇಗುತ್ತಿ ಕಡೆಯ ನಮ್ಮ ಹಿರಿಯ ಆಯಾಗೆ. ಐವತ್ತು ದಾಟಿದ ಆಕೆ ನೆಲ ಒರೆಸುತ್ತಲೇ ಕೊಂಕಣಿಯವರ ಹತ್ತಿರ ಕೊಂಕಣಿ, ಭಟ್ಕಳದಿಂದ ಬಂದವರ ಹತ್ತಿರ ಉರ್ದು ಮಾತಾಡಿ ಇಡೀ ವಾರ್ಡಿನ ಕಷ್ಟಸುಖ ತಿಳಿದುಕೊಳ್ಳುತ್ತಿದ್ದಳು. ನನಗದು ಬರೀ ಹರಟೆಯಾಗಿ ಕಂಡಿತ್ತು.

ಅರಿವಳಿಕೆ ಕೊಡುವ ಡಾಕ್ಟರು ಕುಮಟೆಯಿಂದ ಗುರುವಾರ ಮಾತ್ರ ಬರುತ್ತಿದ್ದರು. ಅಂಥ ಒಂದು ಗುರುವಾರ ಮಾವಿನಕುರ್ವೆಯ ಮೀನುಗಾರನೊಬ್ಬನಿಗೆ ಹರ್ನಿಯಾ ಆಪರೇಷನ್ ಇತ್ತು. ಏನೂ ತಿನ್ನಿಸಬಾರದು ಎಂದು ಮಂಚದ ತಲೆಗೆ ಇಂಗ್ಲಿಷ್ ಬೋರ್ಡು ತೂಗುತ್ತಿತ್ತು, ಅದೂ ನನ್ನದೇ ವ್ಯವಸ್ಥೆ. ಅವನ ಹೆಂಡತಿಗೆ ಓದಲು ಬರುತ್ತಿರಲಿಲ್ಲ. ಗಂಡನನ್ನು ಖಾಲಿ ಹೊಟ್ಟೆಯಲ್ಲಿ ಆಪರೇಷನ್ನಿಗೆ ಕಳಿಸುವುದುಂಟೇ ಎಂದು ಆಕೆ ಮನೆಯಿಂದ ಬಿಸಿ ಗಂಜಿ ತಂದು ಉಣ್ಣಿಸಿದ್ದಳು. ಬೈಗುಳಕ್ಕೆ ಹೆದರಿ ಅವನೂ ಬಾಯಿಬಿಟ್ಟಿರಲಿಲ್ಲ.

ಆಪರೇಷನ್ ಅವನಿಗೇ ಎಂದು ಆಯಾಗೆ ಗೊತ್ತಾದದ್ದು ಅವನನ್ನು ಥಿಯೇಟರಿಗೆ ಒಯ್ದ ಮೇಲೆ. ಕೂಡಲೇ ನನ್ನ ಕೋಣೆಗೆ ಬಂದಳು.

"ಸರ್, ಮೂರನೇ ಮಂಚದವ್ರು..."

ಫೋನಿನಲ್ಲಿದ್ದ ನಾನು ಮಾತು ಮುಗಿಸಗೊಡಲಿಲ್ಲ. "ನರ್ಸಿಗೆ ಹೇಳು ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ನರ್ಸುಗಳಿಬ್ಬರೂ ಥಿಯೇಟರಿನೊಳಗಿದ್ದರು. ಸ್ವಲ್ಪ ಹೊತ್ತಿಗೆ ಗಲಾಟೆ ಕೇಳಿ ಓಡಿದರೆ, ಆಯಾ ಥಿಯೇಟರಿನ ಬಾಗಿಲು ತಳ್ಳಿಕೊಂಡು ನಿಂತು ಕೂಗುತ್ತಿದ್ದಳು.

"ಡಾಕ್ಟ್ರೇ, ಅವ್ರು ಗಂಜಿ ಉಂಡಾತು! ನಾನೇ ಕಂಡಿದ್ದೆ!"

ನನಗೆ ಮೈಯೆಲ್ಲ ಉರಿದುಹೋಯಿತು. ಎಲ್ಲರೆದುರು ರೇಗಿದೆ. ನಾಳೆಯಿಂದ ಬರಬೇಡ ಎಂದೂ ಅಂದುಬಿಟ್ಟೆ.

ಅರಿವಳಿಕೆ ಡಾಕ್ಟರು ಸಿರಿಂಜು ಕೆಳಗಿಟ್ಟು ಹೊರಬಂದರು. "ತುಂಬಿದ ಹೊಟ್ಟೆಗೆ ಅರಿವಳಿಕೆ ಕೊಟ್ಟಿದ್ರೆ, ವಾಂತಿಯಾಗಿ ಉಸಿರುಗಟ್ಟಿ ಅವ ಸಾಯಬಹುದಿತ್ತು. ಬೈಬೇಕಾದ್ದು ಇವರನ್ನಲ್ಲ," ಎಂದು ನನ್ನ ಮುಖವನ್ನೇ ನೋಡಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆಪರೇಷನ್ ಮುಂದಿನ ವಾರಕ್ಕೆ ಹೋಯಿತು. ಅದನ್ನು ಹೆಂಡತಿಗೆ ಕೊಂಕಣಿಯಲ್ಲಿ ಸಮಾಧಾನವಾಗಿ ತಿಳಿಸಿದ್ದೂ ಆಯಾನೇ. ನಾನು ಗೋಡೆಯ ಕಾಗದ ಕಿತ್ತು, ಆಕೆಯನ್ನು ಹುಡುಕಿಕೊಂಡು ಹೋದೆ. ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು.

"ಅಕ್ಕಾ, ತಪ್ಪಾಯ್ತು. ಬೈಬಾರದಿತ್ತು. ನಾಳೆಯಿಂದ ಬೆಳಗಿನ ಮೀಟಿಂಗಿಗೆ ನೀವೂ ಬರ್ಬೇಕು."

"ಬೈದದ್ದಕ್ಕೆ ಎಂತ ಬೇಜಾರಿಲ್ಲ ಸರ್," ಎಂದಳು, ತಲೆಯೆತ್ತದೆ. "ನೀವು ಬೈತ್ರಿ ಹೇಳಿ ಹೆದ್ರಿ ಆ ಥಿಯೇಟರ್ ಬಾಗ್ಲಲ್ಲಿ ಸುಮಾರು ಹೊತ್ತು ಸುಮ್ನೆ ನಿಂತಿದ್ದೆ. ಅದೇ ಬೇಜಾರು."