ಸಂಜೆಗೆ ಗಟ್ಟಿಯಾಗುವ ಪಾವ್

ಬೀದರಿನ ಹಳೆಯ ಓಣಿಗೆ ಇನ್ನೂ ಬೆಳಕು ಇಳಿದಿಲ್ಲ. ಭಟ್ಟಿಯಿಂದ ತಗಡಿನ ತಟ್ಟೆಯನ್ನು ಎಳೆದುಕೊಂಡು ಅಮೀರ ಪಾಶಾ ಒಂದು ಪಾವನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ತಗ್ಗು ಮೆಲ್ಲನೆ ಮೇಲೇಳುತ್ತದೆ. ಅವರ ಮುಖ ಮಾತ್ರ ಅರಳುವುದಿಲ್ಲ.

"ಈಗ ಹೂವಿನಂಗ ಅದ ರೀ. ಸಂಜಿಗಿ ನೋಡ್ರಿ, ಕಲ್ಲು."

ತಂದೆಯ ಕಾಲದ ಭಟ್ಟಿ ಇದು. ಊರಿನ ಬೇರೆ ಬೇಕರಿಗಳ ಪಾವ್ ಎರಡು ದಿನ ಮೆತ್ತಗಿರುತ್ತದೆ. ಹಿಟ್ಟಿಗೆ ಒಂದಿಷ್ಟು ಬಿಳಿ ಪುಡಿ ಬೆರೆಸಿದರಾಯಿತು. ಆ ಪುಡಿ ಸಸ್ಯದ ಎಣ್ಣೆಯಿಂದಲೂ ಆಗಬಹುದು, ಪ್ರಾಣಿಯ ಚರಬಿಯಿಂದಲೂ ಆಗಬಹುದು. ಎಣ್ಣೆಯದಾದರೆ ಹಲಾಲ್, ಹಂದಿಯದೋ, ವಿಧಿಯಂತೆ ಕೊಯ್ಯದ ಪ್ರಾಣಿಯದೋ ಆದರೆ ಹರಾಮ್. ಊರಂಚಿನ ಕೊಳಾರ ಕೈಗಾರಿಕಾ ಪ್ರದೇಶದ ಗೋದಾಮಿನಿಂದ ಬರುವ ಏಜೆಂಟ್ ದೊಡ್ಡ ಚೀಲ ಒಡೆದು, ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುತ್ತಾನೆ. ಸಸ್ಯಾಹಾರವೆಂದು ತೋರಿಸುವ ಹಸಿರು ಚುಕ್ಕಿಯೂ ಇಲ್ಲ.

"ಯಾತರದು ಅಂತ ಕೇಳ್ದೆ ರೀ. 'ಚಾಚಾ, ಪುಡಿಗೇನು ಜಾತಿ ಅದ?' ಅಂತ ನಕ್ಕ. ಮೌಲ್ವಿ ಸಾಹೇಬ್ರಿಗಿ ಕೇಳ್ದೆ. 'ಗೊತ್ತಿಲ್ಲದ್ದಕ್ಕ ಹರಾಮ್ ಅಂತ ನಾ ಹೇಳಲ್ಲ, ಹಲಾಲ್ ಅಂತನೂ ಹೇಳಲ್ಲ. ಶಕ್, ಸಂಶಯ ಇದ್ದದ್ದು ಬಿಡು' ಅಂದ್ರು. ಬಿಟ್ಟೆ. ಸೀಲ್ ಇದ್ದ ಇಡೀ ಚೀಲ ತಗೊಂಡ್ರ ನನ್ನ ಭಟ್ಟಿಗಿ ಮೂರು ವರ್ಷ ಬರ್ತದ. ಅಷ್ಟರಾಗ ಅದೂ ಕೆಡ್ತದ, ನಾನೂ ಕೆಡ್ತೇನಿ."

ಭಾಲ್ಕಿಯ ಅಂಗಡಿಗಳು ಅವರ ಪಾವ್ ಕೊಳ್ಳುವುದನ್ನು ಒಂದೊಂದಾಗಿ ಬಿಟ್ಟಿವೆ. ಬೀದರಿನ ಹೊರಗೆ ಉಳಿದಿರುವುದು ಔರಾದಿನ ಬಸ್ ನಿಲ್ದಾಣದೆದುರಿನ ಸಖುಬಾಯಿಯವರ ಚಹಾದಂಗಡಿ ಒಂದೇ. ಅದೂ ಹೋದರೆ ಭಟ್ಟಿ ಉಳಿಯುವುದು ಕಷ್ಟ. ಬುಟ್ಟಿಯನ್ನು ಮಲಗಿದ ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಪಾಶಾ ಔರಾದಿನ ಮೊದಲ ಬಸ್ಸು ಹತ್ತುತ್ತಾರೆ.

ಇಂದು ಸಖುಬಾಯಿ ಬುಟ್ಟಿಗೆ ಕೈಹಚ್ಚುವುದಿಲ್ಲ. ನಿನ್ನೆಯ ಪಾವೊಂದನ್ನು ಕಟ್ಟೆಗೆ ಬಡಿಯುತ್ತಾರೆ.

"ಸಪ್ಪಳ ಕೇಳಿದ್ರಿ, ಪಾಶಾ ಭಾಯಿ? ಹಲ್ಲಿನ ಡಾಕ್ಟರ್ ನನಗ ಕಮಿಷನ್ ಕೊಡ್ತಾನೇನು ಅಂತ ಗಿರಾಕಿ ಕೇಳ್ತಾರ! ಚೂರು ಪುಡಿ ಹಾಕಿದ್ರ ನಿಮ್ದೇನು ಹೋಗ್ತದ್ರಿ? ತಿನ್ನೋರಿಗಿ ಕಾಣ್ತದೇನು?"

"ಕಾಣಲ್ಲ ಬಾಯಿ. ಅದಕ್ಕೇ ಹಾಕಲ್ಲ."

ಸಖುಬಾಯಿ ಕುದಿಯುವ ಚಹಾದ ಉರಿ ಸಣ್ಣ ಮಾಡುತ್ತಾರೆ. "ಇವತ್ತಿಂದು ಇಟ್ಟು ಹೋಗ್ರಿ. ನಾಳಿಂದ ಬ್ಯಾಡ್ರಿ."

ಔರಾದಿನ ಕಪ್ಪು ನೆಲ ಹಿಂದೆ ಸರಿದು ಬೀದರಿನ ಕೆಂಪು ನೆಲ ಕಾಣುತ್ತದೆ. ಭಟ್ಟಿ ಆರಿಸುವಿರಾ ಎಂಬ ನನ್ನ ಪ್ರಶ್ನೆಗೆ ಪಾಶಾ ಖಾಲಿ ಬುಟ್ಟಿಯ ಚೂರುಗಳನ್ನು ಕೊಡವುತ್ತ ಉತ್ತರಿಸುತ್ತಾರೆ:

"ನಾಳಿಗಂತೂ ಹಚ್ತೇನಿ ರೀ. ಓಣಿ ಮಂದಿ ಪಾವಿಗಿ ಮಕ್ಕಳನ್ನ ಕಳಿಸ್ತಾರ. ಪೇಪರದಾಗ ಸುತ್ತಿ ಕೊಡ್ತೇನಿ. 'ಇದರಾಗ ಏನದ' ಅಂತ ಇವತ್ತಿನ ತನಕ ಒಬ್ರೂ ಕೇಳಿಲ್ಲ. ಅಷ್ಟು ನಂಬಿಗಿ ಉಳಿದ್ರ ಸಾಕ್ರಿ."